ಪ್ರತಿ ಸುತ್ತಿಗೂ ಎರಡು ಸೆಕೆಂಡ್

ಮೇಷ್ಟ್ರೇ,

ಕಳೆದ ತಿಂಗಳು ಮದರಾಸಿನ ಕಡಲಂಚಿನ ಈಸಿಆರ್ ರಸ್ತೆಯ ಬದಿಯಲ್ಲಿ ನಿಂತು ನಿಮ್ಮನ್ನು ಬಾಯಿಗೆ ಬಂದಂತೆ ಬೈದೆ. ನೀವು ಹೋಗಿ ಎರಡು ವರ್ಷವಾಯಿತು, ಬೈದರೂ ಕೇಳಿಸುವುದಿಲ್ಲ ಎನ್ನುವ ಧೈರ್ಯ. ಬದುಕಿದ್ದಾಗ ನಿಮ್ಮೆದುರು ಜೋರಾಗಿ ಕೆಮ್ಮಿದವಳೂ ಅಲ್ಲ ನಾನು. ಇವತ್ತು ಸಮಾಧಾನವಾಗಿ ಕೂತು ಬರೆಯುತ್ತಿದ್ದೇನೆ. ಮೊದಲಿನಿಂದ ಹೇಳುತ್ತೇನೆ, ಕೇಳಿ.

ಪೋರೂರಿನ ಆಸ್ಪತ್ರೆಯಲ್ಲಿ ನಿಮಗೆ ಮೂಸಂಬಿ ಸುಲಿದು ಕೊಡುತ್ತಿದ್ದ ಆ ಮಧ್ಯಾಹ್ನ ನೆನಪಿದೆಯೇ? "ನಿಂಗೊಂದು ಗುಟ್ಟು ಹೇಳ್ತೀನಿ ಕಣೇ ಸುಧಾ" ಅಂದಿರಿ. "ನೀನು ಓಡ್ತಿದ್ದಾಗ ಪ್ರತಿ ಸುತ್ತಿಗೂ ಎರಡು ಸೆಕೆಂಡ್ ಸೇರಿಸಿ ಹೇಳ್ತಿದ್ದೆ. ನಿಜ ಹೇಳಿದ್ರೆ ಸೋಮಾರಿ ಆಗ್ಬಿಡ್ತಿದ್ದೆ ನೀನು." ಓಡುವವರ ಕೈಯಲ್ಲಿ ಗಡಿಯಾರ ಇರಕೂಡದು ಎಂಬ ನಿಮ್ಮ ಕಟ್ಟಪ್ಪಣೆಯ ಹಿಂದಿನ ಮರ್ಮ ಆಗ ತಿಳಿಯಿತು. ನೀವು ನಕ್ಕಿರಿ, ನಾನೂ ನಕ್ಕೆ. ಗುರುಗಳು ಕೊನೆಗೂ ಕೈಗಿಟ್ಟ ವಿದ್ಯೆ ಎಂದುಕೊಂಡು ಅದನ್ನು ಜೋಪಾನವಾಗಿ ಮನೆಗೆ ತಂದೆ.

ನಾನೀಗ ಓಟ ಕಲಿಸುತ್ತಿರುವ ಶ್ರೀನಿಧಿ ಮೊದಲ ದಿನ ಮೈದಾನಕ್ಕೆ ಬಂದಾಗ ಬರಿಗಾಲಲ್ಲಿ ಓಡಿ ತೋರಿಸಿದಳು. ಹದಿನೇಳು ವರ್ಷ, ಅದುವರೆಗೆ ಬರೀ ಈಜುಗಾರ್ತಿ. ಮನೆತನ ನೂರು ವರ್ಷದಿಂದ ಮದರಾಸಿನಲ್ಲೇ ಇರುವ ಕನ್ನಡದ ವೈಷ್ಣವರದು. ನಾನು ಕನ್ನಡದಲ್ಲಿ ಕೇಳಿದರೆ ಅರ್ಧ ತಮಿಳಿನಲ್ಲಿ ಉತ್ತರಿಸುವ ಮಗು. ಅವಳ ಹೆಜ್ಜೆ ನೆಲಕ್ಕೆ ತಾಗುವ ರೀತಿ ನೋಡಿ ನನಗೆ ಮೈ ಜುಮ್ಮೆಂದಿತು. ನಿಮಗೆ ತೋರಿಸಬೇಕಿತ್ತು ಮೇಷ್ಟ್ರೇ. ಆದರೆ ಅವಳು ಬಂದದ್ದು ಟ್ರಯಥ್ಲಾನಿಗೆ, ಅದೆಂದರೆ ನಿಮಗೆ ಆಗುತ್ತಿರಲಿಲ್ಲ. "ಎರಡು ದೋಣಿ ಮೇಲೆ ಕಾಲಿಟ್ಟೋನೇ ಮುಳುಗ್ತಾನೆ, ಇವ್ರು ಮೂರರ ಮೇಲೆ ಇಡ್ತಾರೆ" ಅನ್ನುತ್ತಿದ್ದಿರಿ. ಸಣ್ಣ ದೂರದ ರೇಸು ಹಾಗಲ್ಲ. ಮುಕ್ಕಾಲು ಕಿಲೋಮೀಟರ್ ಈಜು, ಇಪ್ಪತ್ತು ಸೈಕಲ್ಲು, ಕೊನೆಗೆ ಐದು ಓಟ. ಸೈಕಲ್ಲಿನಲ್ಲಿ ಗುಂಪಿನ ಹಿಂದೆ ಅಡಗಿ ಗಾಳಿ ತಪ್ಪಿಸಿಕೊಂಡು ಹೋಗಬಹುದು. ಹಾಗಾಗಿ ಗೆಲ್ಲುವುದು ಹೆಚ್ಚಾಗಿ ಓಟ ಬಲ್ಲವರೇ. ಈಗಿನ ಹುಡುಗಿಯರು ಸೈಕಲ್ ಇಳಿದ ಕಾಲಿನಲ್ಲಿ ಓಡುವ ವೇಗ ನೋಡಿದರೆ ನಮ್ಮ ಕಾಲದ ಟ್ರ್ಯಾಕಿನವರು ನಾಚಬೇಕು.

ಅಂಬತ್ತೂರಿನ ಕಾರ್ಖಾನೆಯಲ್ಲಿ ನನ್ನ ಕೆಲಸವೇ ಅಳತೆ ಎಂದು ನಿಮಗೆ ಗೊತ್ತು. ಕೂದಲೆಳೆಯಷ್ಟು ವ್ಯತ್ಯಾಸ ಕಂಡರೂ ಬಿಡಿಭಾಗಗಳ ಪೆಟ್ಟಿಗೆಯನ್ನೇ ವಾಪಸ್ ಕಳಿಸುತ್ತೇನೆ. ಅಂಥವಳು ಬೆಳಿಗ್ಗೆ ಐದೂವರೆಗೆ ಮೈದಾನದಲ್ಲಿ ನಿಂತು ಒಂದು ವರ್ಷ ಸಲೀಸಾಗಿ ಸುಳ್ಳು ಹೇಳಿದೆ. ಶ್ರೀನಿಧಿಯ ಕೈಗಡಿಯಾರ ಬಿಚ್ಚಿಸಿ ನನ್ನ ಜೇಬಿಗೆ ಹಾಕಿಕೊಳ್ಳುತ್ತಿದ್ದೆ. ನಾನೂರು ಮೀಟರಿನ ಸುತ್ತಿಗೆ ಎರಡೆರಡು ಸೆಕೆಂಡ್ ಸೇರಿಸಿ ಹೇಳುತ್ತಿದ್ದೆ. ಅವಳು ತುಟಿ ಕಚ್ಚಿಕೊಂಡು ಮತ್ತೆ ಓಡುತ್ತಿದ್ದಳು. ಊರಿನ ಸಣ್ಣಪುಟ್ಟ ರೇಸುಗಳಲ್ಲಿ ದೂರವೇ ಸರಿಯಾಗಿರುವುದಿಲ್ಲ, ಆದ್ದರಿಂದ ನಾನು ಸಿಕ್ಕಿಬೀಳಲಿಲ್ಲ. ಅವಳು ವೇಗವಾಗುತ್ತಲೇ ಹೋದಳು. ನಿಮ್ಮ ವಿದ್ಯೆ ಫಲಿಸಿತು ಎಂದು ನಾನು ಹಿಗ್ಗಿದೆ.

ಜೂನಿಯರ್ ತಂಡಕ್ಕೆ ಎರಡು ಆಯ್ಕೆ ರೇಸು, ಒಂದೊಂದರಲ್ಲೂ ಮೊದಲ ಇಬ್ಬರಿಗೆ ಜಾಗ. ಶ್ರೀನಿಧಿಯ ತಾಯಿ ರಮಾ ಮೊದಲೇ ಹೇಳಿಬಿಟ್ಟಿದ್ದರು: "ಈ ವರ್ಷ ಸೆಲೆಕ್ಟ್ ಆಗ್ಲಿಲ್ಲಾಂದ್ರೆ ಪೋದುಂ ಸುಧಾ, ಸಾಕು. ಪ್ಲಸ್ ಟೂ ಪರೀಕ್ಷೆ ಇರುಕ್ಕು. ಆಮೇಲೆ ಕೋಚಿಂಗ್ ಕ್ಲಾಸಿಗೆ ಹಾಕ್ತೀವಿ." ಕಳೆದ ತಿಂಗಳ ಮೊದಲ ರೇಸಿನಲ್ಲಿ ನಮ್ಮ ಹುಡುಗಿ ಸಮುದ್ರದಿಂದ ಮುಂಚೂಣಿಯಲ್ಲೇ ಎದ್ದು ಬಂದಳು. ಗುಂಪಿನಲ್ಲಿ ಆರಾಮಾಗಿ ಸೈಕಲ್ ತುಳಿದು ಕೊನೆಗೆ ಓಡಿದ್ದರೆ ಸಾಕಿತ್ತು. ಆದರೆ ಎರಡನೇ ಸುತ್ತಿನಲ್ಲಿ ಅವಳೊಬ್ಬಳೇ ಗುಂಪನ್ನು ಬಿಟ್ಟು ಮುಂದಕ್ಕೆ ನುಗ್ಗಿದಳು. ಎದುರುಗಾಳಿ. ಹಿಂದೆ ಯಾರೂ ಇಲ್ಲ, ಮುಂದೆ ಯಾರೂ ಇಲ್ಲ. ಬೇಡ, ಬೇಡ ಎಂದು ನಾನು ರಸ್ತೆಬದಿಯಲ್ಲಿ ಅರಚುತ್ತಿದ್ದೆ. ಸೈಕಲ್ ಇಳಿಯುವ ಹೊತ್ತಿಗೆ ಎಲ್ಲರಿಗಿಂತ ಮುಂದಿದ್ದಳು, ಆದರೆ ಕಾಲಿನಲ್ಲಿ ಏನೂ ಉಳಿದಿರಲಿಲ್ಲ. ಒಬ್ಬೊಬ್ಬರಾಗಿ ದಾಟಿಹೋದರು. ಒಂಬತ್ತನೆಯವಳಾಗಿ ಬಂದಳು.

ಶಾಮಿಯಾನದ ಕೆಳಗೆ ಅವಳು ತಲೆಯ ಮೇಲೆ ಐಸ್ ಇಟ್ಟುಕೊಂಡು ಕೂತಿದ್ದಳು. ಯಾಕಮ್ಮಾ ಹಾಗೆ ಮಾಡಿದೆ ಎಂದು ಕೇಳಿದೆ. "ನನ್ ರನ್ನಿಂಗ್ ಪತ್ತಾದು ಅಲ್ವಾ ಅಕ್ಕಾ. ನೀವು ಹೇಳೋ ಟೈಮಿಂಗ್ ನೋಡಿದ್ರೆ ಅವ್ರೆಲ್ಲ ನಂಗಿಂತ ಫಾಸ್ಟು. ಬೈಕಲ್ಲೇ ಗ್ಯಾಪ್ ಮಾಡಿದ್ರೆ ಮಾತ್ರ ಚಾನ್ಸ್ ಅನ್ಕೊಂಡೆ" ಅಂದಳು. ತನ್ನ ಓಟ ಸಾಲದು ಅನ್ನುತ್ತಿದ್ದಾಳೆ! ಆ ರೇಸಿನಲ್ಲಿದ್ದ ಎಲ್ಲರಿಗಿಂತ ವೇಗವಾಗಿ ಓಡಬಲ್ಲ ಹುಡುಗಿ. ಐದು ಕಿಲೋಮೀಟರಿಗೆ ಇಪ್ಪತ್ತೈದು ಸೆಕೆಂಡ್ ಕದ್ದು ಅವಳನ್ನು ಸಾಧಾರಣದವಳನ್ನಾಗಿ ಮಾಡಿದ್ದು ನಾನು. ನಿಮ್ಮನ್ನು ಬೈದದ್ದು ಆಗಲೇ.

ಆಮೇಲೆ ಬಸ್ಸಿನಲ್ಲಿ ಬರುವಾಗ ಇನ್ನೊಂದು ಲೆಕ್ಕ ತಾನಾಗಿಯೇ ಬಂತು. ನನಗೆ ಇಪ್ಪತ್ತಾಗಿದ್ದಾಗ ಹದಿನೈದು ನೂರು ಮೀಟರಿನ ಆಯ್ಕೆಗೆ ಹೋಗದೆ ಉಳಿದೆನಲ್ಲ, ಅರ್ಜಿ ತುಂಬಿಯೂ? ನನ್ನ ಸಮಯ ಉಳಿದವರ ಹತ್ತಿರವೂ ಬರುವುದಿಲ್ಲ ಎಂದುಕೊಂಡು ಅಂಬತ್ತೂರಿನ ಕೆಲಸಕ್ಕೆ ಸೇರಿದೆನಲ್ಲ? ಆ ದೂರಕ್ಕೆ ನೀವು ಸೇರಿಸಿದ್ದು ಏಳೂವರೆ ಸೆಕೆಂಡ್. ಅದನ್ನು ಕಳೆದಿದ್ದರೆ ನಾನು... ಎಗ್ಮೋರಿನ ನಿಮ್ಮ ಕ್ವಾರ್ಟರ್ಸಿಗೆ ಬಂದು, ಹೋಗಲ್ಲ ಮೇಷ್ಟ್ರೇ ಎಂದೆನಲ್ಲ. ಆಗಲಾದರೂ ಹೇಳಬಹುದಿತ್ತು. ಯಾಕೆ ಹೇಳಲಿಲ್ಲ? ನಾಚಿಕೆಯೇ, ಹಟವೇ? ನನಗೆ ನಿಮ್ಮ ಮೇಲೆ ಸಿಟ್ಟಿದೆ. ನಿಮ್ಮ ಚಟ್ಟಕ್ಕೆ ಹೆಗಲು ಕೊಡಲು ಬಿಡಿ ಎಂದು ಗಂಡಸರೊಂದಿಗೆ ಜಗಳವಾಡಿದವಳು ನಾನು. ಆದರೂ ಸಿಟ್ಟಿದೆ.

ಮರುದಿನ ಬೆಳಿಗ್ಗೆ ತಾಯಿ ಮಗಳು ಇಬ್ಬರನ್ನೂ ಮೈದಾನಕ್ಕೆ ಕರೆಸಿ ಎಲ್ಲ ಹೇಳಿದೆ. ಶ್ರೀನಿಧಿ ಅಳಲಿಲ್ಲ. "ಒರು ವರ್ಷಾ?" ಎಂದಷ್ಟೇ ಕೇಳಿ ಷೂ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡಳು. ಇನ್ನು ಬರುವುದಿಲ್ಲ ಎಂದುಕೊಂಡೆ. ರಮಾ ಇನ್ಶೂರೆನ್ಸ್ ಆಫೀಸಿನ ಹೆಂಗಸು, ಗದ್ದಲ ಮಾಡುವವರಲ್ಲ. ಕೈ ಚಾಚಿದರು. "ವಾಚು ನನ್ ಕೈಲಿ ಕೊಟ್ಬಿಡಿ. ನಂಗೆ ಓಟ ತೆರಿಯಾದು, ಗೊತ್ತಾಗಲ್ಲ. ನಂಬರ್ ಓದೋದು ತೆರಿಯುಂ." ಅಂದಿನಿಂದ ಓಡಿಸುವುದು ನಾನು, ಸಮಯ ಹೇಳುವುದು ಅವರು. ಶ್ರೀನಿಧಿ ಪ್ರತಿ ಸುತ್ತು ಮುಗಿಸಿ ಅಮ್ಮನ ಮುಖ ನೋಡುತ್ತಿದ್ದಳು. ನನ್ನ ಕಡೆ ತಿರುಗುತ್ತಿರಲಿಲ್ಲ. ನಾಲ್ಕು ವಾರ.

ನಿನ್ನೆ ಎರಡನೇ ರೇಸು. ಅವಳು ಗುಂಪಿನಲ್ಲೇ ಉಳಿದಳು. ಇನ್ನಿಬ್ಬರು ತಪ್ಪಿಸಿಕೊಂಡು ಮುಂದೆ ಹೋಗಿದ್ದರು. ಅವಳು ಸೈಕಲ್ ಇಳಿದಾಗ ಎರಡನೆಯವಳಿಗೂ ಅವಳಿಗೂ ಮೂವತ್ತೈದು ಸೆಕೆಂಡ್ ಅಂತರ. ಅರ್ಧ ಓಟದಲ್ಲಿ ರಮಾ ಗಡಿಯಾರ ನೋಡಿ "ಪದಿನೆಟ್ಟು" ಎಂದು ಕೂಗಿದರು. ಹದಿನೆಂಟು. ಕೊನೆಯ ಒಂದು ಕಿಲೋಮೀಟರ್ ಉಳಿದಿದ್ದ ಜಾಗದಲ್ಲಿ ನಾನೊಬ್ಬಳೇ ನಿಂತಿದ್ದೆ, ರಮಾ ಗುರಿಯ ಕಡೆ ಹೋಗಿದ್ದರು. ಅಲ್ಲೊಂದು ತಿರುವು, ಗಾಳಿಮರಗಳ ತೋಪು. ಮುಂದಿನವಳು ಅದರಾಚೆ ಮರೆಯಾಗಿದ್ದಳು. ಶ್ರೀನಿಧಿ ಬಂದಳು. ಅಮ್ಮನಿಗಾಗಿ ಹುಡುಕಿದಳು. ಆಮೇಲೆ ನಾಲ್ಕು ವಾರದಲ್ಲಿ ಮೊದಲ ಸಲ ನನ್ನ ಮುಖ ನೋಡಿದಳು. "ಎಂಟು" ಎಂದೆ. ನನ್ನ ಫೋನಿನ ಗಡಿಯಾರದಲ್ಲಿ ಸರಿಯಾಗಿ ಎಂಟೇ ಇತ್ತು, ನಿಮ್ಮಾಣೆ. ಅವಳು ಹಲ್ಲು ಕಚ್ಚಿ ಹೊರಟಳು, ನಾನು ಅಂಥ ಓಟವನ್ನು ಹತ್ತಿರದಿಂದ ಕಂಡದ್ದೇ ಇಲ್ಲ. ನಂಬಿದಳು, ನನ್ನನ್ನು ನಂಬಿದಳು ಎಂದು ರಸ್ತೆಯಲ್ಲೇ ಅತ್ತೆ. ಎಳನೀರಿನವನು ನನಗೆ ಏನೋ ಆಗಿದೆಯೆಂದು ಸ್ಟೂಲ್ ತಂದು ಹಾಕಿದ.

ಎರಡನೆಯವಳಾಗಿ ಬಂದಳು ಮೇಷ್ಟ್ರೇ, ಒಂದೇ ಒಂದು ಸೆಕೆಂಡಿನ ಅಂತರದಲ್ಲಿ. ಐದು ಕಿಲೋಮೀಟರಿಗೆ ಹದಿನೇಳು ನಿಮಿಷ ಹನ್ನೊಂದು ಸೆಕೆಂಡ್. ತಂಡದಲ್ಲಿ ಅವಳ ಹೆಸರಿದೆ. ನಾನು ಓಡಿಹೋಗಿ ಅಪ್ಪಿಕೊಂಡು, ಎಂಟು ಅಂದ ತಕ್ಷಣ ಹೇಗೆ ಹೊರಟೆ ನೀನು ಎಂದೆ. ಅವಳು ನೀರು ಕುಡಿಯುತ್ತ, ಸ್ವಲ್ಪವೂ ಮನಸ್ಸಿನಲ್ಲಿಟ್ಟುಕೊಳ್ಳದೆ ಹೇಳಿದಳು: "ಎಟ್ಟು ಅಂದಿದ್ದು ನೀವು ಅಲ್ವಾ ಅಕ್ಕಾ. ಈ ಸಲ ಕಮ್ಮಿ ಮಾಡಿ ಹೇಳಿರ್ತೀರ, ಹೇಗಿದ್ರೂ ಹದಿನೈದಾದ್ರೂ ಇರುಂ ಅನ್ಕೊಂಡು ಓಡ್ದೆ."

ನೀವಾಗಿದ್ದರೆ ತೊಡೆ ತಟ್ಟಿ ನಗುತ್ತಿದ್ದಿರಿ, ನೋಡಿದ್ಯೇನೇ, ಕೊನೆಗೂ ಓಡಿಸಿದ್ದು ನನ್ನ ಸುಳ್ಳೇ ಎಂದು. ನನಗೆ ನಗು ಬರಲಿಲ್ಲ. ಸೋಮವಾರ ಬೆಳಿಗ್ಗೆ ಬರುತ್ತಾಳಂತೆ, ಅಮ್ಮನನ್ನೂ ಕರೆದುಕೊಂಡು. ಇನ್ನು ನಾನು ಅವಳಿಗೆ ಹೇಳುವ ಒಂದೊಂದು ಸಂಖ್ಯೆಯೂ ನಿಜವೇ ಆಗಿರುತ್ತದೆ, ಅವಳು ನಂಬಲಿ ಬಿಡಲಿ. ನಂಬುವುದಕ್ಕೆ ಎಷ್ಟು ವರ್ಷ ಹಿಡಿಯುತ್ತದೋ ನನಗೆ ಗೊತ್ತಿಲ್ಲ. ಅದನ್ನು ನೀವು ನನಗೆ ಕಲಿಸಿಕೊಡಲಿಲ್ಲ.

ನಿಮ್ಮ
ಸುಧಾ