ಮಾಳಿಗೆಯ ಮಡಿ

ಬ್ಯಾಡಗಿ
ಆಗಸ್ಟ್ ೧೭, ೨೦೦೬

ಪ್ರೀತಿಯ ಅವ್ವನಿಗೆ ಅರುಣಾಳ ಶರಣು.

ಆರಾಮ ಇದ್ದೇನೆ ಎಂದು ಬರೆಯಲು ಪೆನ್ನು ಹಿಡಿದೆ, ಕೈ ಬರಲಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ಅದು ಪಡಸಾಲೆಯಲ್ಲಿದೆ, ಸುತ್ತ ಯಾವಾಗಲೂ ನಾಲ್ಕು ಮಂದಿ. ಅದಕ್ಕೇ ಈ ಕಾಗದ. ಒಲೆಯ ಮೇಲೆ ಏನಾದರೂ ಇದ್ದರೆ ಇಳಿಸಿ ಬಂದು ಓದು.

ಅತ್ತೆ ಪ್ರೇಮವ್ವನವರು ಕೆಟ್ಟವರಲ್ಲ. ಬೈದಿದ್ದರೆ ನಾನೂ ತಿರುಗಿ ಎರಡು ಮಾತಾಡುತ್ತಿದ್ದೆ. ಅವರು ಹೊಗಳುತ್ತಾರೆ! ಬೆಳಿಗ್ಗೆ ಐದಕ್ಕೆ ನಾನು ತಲೆಮೇಲೆ ನೀರು ಹಾಕಿಕೊಂಡು ಒದ್ದೆ ಸೀರೆಯಲ್ಲಿ ದೇವರ ಕೋಣೆ ಸೇರಿದರೆ ಹನ್ನೊಂದರವರೆಗೆ ಯಾರನ್ನೂ ಮುಟ್ಟುವಂತಿಲ್ಲ. ಶ್ರಾವಣ ಬಂದ ಮೇಲೆ ಸಂಜೆಯೂ ಅದೇ. ಓಣಿಯ ಹೆಂಗಸರನ್ನು ಕರೆತಂದು ಬಾಗಿಲಿನಿಂದಲೇ ನನ್ನನ್ನು ತೋರಿಸಿ, 'ನಮ್ಮ ಸೊಸಿ ಕಾಲೇಜ ಕಲ್ತಾಕಿ, ಆದ್ರೂ ಎಷ್ಟು ಮಡಿ ನೋಡ್ರಿ' ಎನ್ನುತ್ತಾರೆ. ನಾನು ಸಂತೆಗೆ ತಂದ ಎಮ್ಮೆಯ ಹಾಗೆ ನಿಂತಿರುತ್ತೇನೆ.

ಇದೆಲ್ಲ ನಿನ್ನ ಒಂದು ಮಾತಿನಿಂದ ಆದದ್ದು, ಅವ್ವ. ಕಾಲೇಜಿನಲ್ಲಿ ವಿಜಯಮಹಾಂತೇಶ ಸರ್ ಮಾಳಿಗೆ ತೋಟದ ತರಗತಿ ಶುರು ಮಾಡಿದ್ದರಲ್ಲ, ಪೇಟೆಯ ಮನೆಯಲ್ಲೂ ಕಾಯಿಪಲ್ಯ ಬೆಳೆಯಬಹುದೆಂದು ಎಲ್ಲರಿಗೂ ಅವರವರ ಮಾಳಿಗೆಯಲ್ಲಿ ಮಡಿ ಕಟ್ಟಲು ಹೇಳಿದ್ದರು. ಸುತ್ತ ಇಟ್ಟಿಗೆ, ಒಳಗೆ ಎರಡು ಚೀಲ ಮಣ್ಣು, ಸಗಣಿ ಗೊಬ್ಬರ, ಮೆಂತೆ ಬೀಜ. ನನ್ನ ಮಡಿ ಅಂದರೆ ಅದು. ಈ ಮನೆಯವರು ಹೇಳದೆ ಕೇಳದೆ ಹೆಣ್ಣು ನೋಡಲು ಬಂದ ದಿನ, ಹುಡುಗಿ ಎಲ್ಲಿ ಎಂದರೆ ನೀನು ಗಾಬರಿಯಲ್ಲಿ, 'ಮಡಿ ಮಾಡಾಕ ಮ್ಯಾಲೆ ಹೋಗ್ಯಾಳ್ರೀ, ದಿನಾ ಮುಂಜಾನೆ ಅದ ಕೆಲಸ' ಎಂದುಬಿಟ್ಟೆ. ಕೈಕಾಲಿನ ರಾಡಿ ತೊಳೆದುಕೊಂಡು ಅರ್ಧ ತೊಯ್ದ ಬಟ್ಟೆಯಲ್ಲಿ ನಾನು ಇಳಿದು ಬಂದೆ. ಅತ್ತೆಯವರು ಕೈ ಮುಗಿದೇಬಿಟ್ಟರು! ನಾನು ಬಾಯಿ ತೆರೆಯುವಷ್ಟರಲ್ಲಿ ನೀನು ರಟ್ಟೆ ಚಿವುಟಿದೆ. ಆ ಗುರುತು ಎರಡು ದಿನ ಇತ್ತು.

ಪೂರ್ತಿ ತಪ್ಪು ನಿನ್ನ ಮೇಲೆ ಹಾಕುವುದಿಲ್ಲ. ಅವರ ಮಗ, ಈಗ ನಿನ್ನ ಅಳಿಯ, ನನ್ನ ಉಗುರಿನ ಮಣ್ಣು ನೋಡಿ ನಗು ತಡೆದುಕೊಂಡು ಕೂತಿದ್ದರು. ಆ ಮುಖ ನನಗೆ ಹಿಡಿಸಿತು, ನಾನೂ ಸುಮ್ಮನಾದೆ. ಈಗ ಅವರಿಗೆ ಎಲ್ಲ ಗೊತ್ತು. ಆದರೆ, 'ಅವ್ವಗ ನೀನ ಹೇಳು, ನನಗ ಧೈರ್ಯ ಇಲ್ಲ' ಎನ್ನುತ್ತಾರೆ. ಭಲೇ ಗಂಡಸು!

ಬರುವ ಸೋಮವಾರ ಆ ತರಗತಿಯ ಕೊನೆಯ ಪರೀಕ್ಷೆ. ರಾಣೆಬೆನ್ನೂರಿನಲ್ಲಿ, ಕಾಲೇಜಿನ ಮಾಳಿಗೆಯ ಮೇಲೆ ಸರ್ ಎದುರಿಗೇ ಮಡಿ ಕಟ್ಟಿ ತೋರಿಸಬೇಕು. ಪಾಸಾದರೆ ಹೊಸದಾಗಿ ಸೇರಿದವರಿಗೆ ಕಲಿಸುವ ಕೆಲಸ ನನಗೇ ಎಂದಿದ್ದಾರೆ. ಅವತ್ತೇ ಶ್ರಾವಣದ ಕಡೆಯ ಸೋಮವಾರ. ರಾಣೆಬೆನ್ನೂರಿಗೆ ಹೋಗಿ ಬರಲೇ ಎಂದು ಕೇಳಿದ್ದಕ್ಕೆ ಅತ್ತೆಯವರು ಕೆನ್ನೆ ಸವರಿ, 'ಬಸ್ಸಿನಾಗ ಮಂದಿ ಮುಟ್ಟತಾರ, ನಿನ್ನ ಮಡಿ ಕೆಡತೈತಿ ನನ್ನ ಬಂಗಾರ' ಎಂದರು. ನನಗೆ ಅಳು ಬಂತು. ಅದನ್ನೂ ಭಕ್ತಿ ಎಂದುಕೊಂಡರು.

ಉಸಿರು ಕಟ್ಟುತ್ತಿದೆ, ಅವ್ವ. ದೇವರ ಮೇಲೆ ನನಗೇನೂ ಸಿಟ್ಟಿಲ್ಲ, ಆದರೆ ಇವರು ಮೆಚ್ಚಿಕೊಂಡ ಆ ಹುಡುಗಿ ನಾನಲ್ಲ. ನನಗೆ ಮಣ್ಣು ಬೇಕು, ಬಸ್ಸಿನ ನೂಕಾಟ ಬೇಕು, ಆ ಪರೀಕ್ಷೆ ಬೇಕು. ನಿಜ ಹೇಳಿದರೆ ನಿನ್ನನ್ನು ಸುಳ್ಳುಗಾರ್ತಿ ಅಂದಾರೆಂದು ಮೂರು ತಿಂಗಳು ನುಂಗಿಕೊಂಡೆ. ಖರೇ ಹೇಳಬೇಕೆಂದರೆ ನೀನು ಸುಳ್ಳು ಹೇಳಲಿಲ್ಲ. ಅವರು ತಪ್ಪು ತಿಳಿದರು, ನಾವಿಬ್ಬರೂ ತಿದ್ದಲಿಲ್ಲ. ಇನ್ನು ನನ್ನಿಂದ ಆಗದು. ಅಪ್ಪನಿಗೆ ನೀನೇ ಸಮಾಧಾನವಾಗಿ ತಿಳಿಸಿ ಹೇಳು.

ನಿನ್ನ ಮಗಳು,
ಅರುಣಾ

ತಾ.ಕ.: ಅಂಚೆ ಪೆಟ್ಟಿಗೆಯವರೆಗೂ ನಾನು ಹೋಗುವಂತಿಲ್ಲವಾದ್ದರಿಂದ ಇದನ್ನು ಅತ್ತೆಯವರ ಕೈಗೇ ಕೊಡುತ್ತಿದ್ದೇನೆ. ನನ್ನ ಯಾವ ಕಾಗದವನ್ನೂ ಅವರು ಓದದೆ ಪೆಟ್ಟಿಗೆಗೆ ಹಾಕುವುದಿಲ್ಲ. ಲಕೋಟೆಗೆ ನಾನೂ ಅಂಟು ಹಚ್ಚಿಲ್ಲ. ಇದು ನಿನ್ನ ಕೈ ಸೇರಿತೆಂದರೆ, ಅವರು ಎಲ್ಲ ಓದಿದ ಮೇಲೂ ಕಳಿಸಿದ್ದಾರೆ ಎಂದು ತಿಳಿ.