ಬೂದನನ್ನು ಆಚೆಗೆ ಹಾಕಿದ ಮಧ್ಯಾಹ್ನ

ಗುಡ್ಡ ಹತ್ತಿದ ಅರವತ್ತನೇ ವರ್ಷ, ಹದಿಮೂರನೇ ತಿಂಗಳು. ಬೇಸಿಗೆ ಉದ್ದವಾಗಿ ನಾವು ಒಂದು ತಿಂಗಳು ಸೇರಿಸಿಕೊಂಡಿದ್ದೇವೆ. ನಿಮ್ಮ ಲೆಕ್ಕದಲ್ಲಿ 2211.

ಕಸದ ಗಾಡಿಗೆ ಚೀಲ ಎಸೆದು ಬಾಗಿಲು ಹಾಕಿಕೊಳ್ಳುವವರೇ, ನನ್ನ ಕೆಲವು ಮಾತು ನಿಮಗೆ ತಿಳಿಯಲಿಕ್ಕಿಲ್ಲ, ಮನ್ನಿಸಿ. ಮಾತಿಗಷ್ಟೇ ಕ್ಷಮೆ ಕೇಳುತ್ತಿದ್ದೇನೆ, ಸಿಟ್ಟಿಗಲ್ಲ.

ನನ್ನ ಹೆಸರು ನಿಂಗರಾಜಮ್ಮ. ನೀವು ತಂದು ಸುರಿದ ಕಸದ ಗುಡ್ಡದ ಮೇಲೆ ನಮ್ಮ ಹಟ್ಟಿ ಇದೆ. ನಿಮ್ಮ ಕಾಲದಲ್ಲಿ ಆ ಕಸ ಆಯುತ್ತಿದ್ದವರ ಏಳನೇ ತಲೆಮಾರು ನಾವು; ಬೇರೆ ಜಾಗ ಯಾರೂ ಕೊಡದೆ ಇದರ ಮೇಲೇ ಹತ್ತಿ ಕೂತೆವು. ನೆಲದ ಬಿರುಕಿನಿಂದ ಏಳುವ ವಿಷಕ್ಕೆ ತಳಗಾಳಿ ಅನ್ನುತ್ತೇವೆ. ಅದರ ವಾಸನೆ ನಮಗೆ ಹತ್ತುವುದಿಲ್ಲ, ನಾಯಿಗೆ ಹತ್ತುತ್ತದೆ. ಗುಡ್ಡದಾಚೆ ಮೇಲೂರಿನ ಉಳ್ಳವರ ಮನೆಗಳಲ್ಲಿ ಅದನ್ನು ಪತ್ತೆಹಚ್ಚುವ ಯಂತ್ರ ಇದೆ. ನಮಗೆ ಮನೆಗೊಂದು ಗಾಳಿನಾಯಿ ಹಂಚಿದ್ದಾರೆ. ತಳಗಾಳಿ ಎದ್ದರೆ ಅದು ಕಾಲಿನಿಂದ ಕೆರೆಯುತ್ತದೆ, ನಾವು ಮಕ್ಕಳನ್ನು ಎತ್ತಿಕೊಂಡು ಓಡುತ್ತೇವೆ.

ನಮ್ಮ ಮನೆಗೆ ಬಂದವನು ಬೂದ. ನನ್ನ ಮಗಳು ಚೆಲುವಿಗೆ ಆರು ವರ್ಷ. ಅವಳಿಗೆ ನಾಯಿಕೂದಲು ಆಗುತ್ತಿರಲಿಲ್ಲ. ಕಣ್ಣು ಊದಿ, ಎದೆ ಸಿಳ್ಳೆ ಹೊಡೆಯುತ್ತಿತ್ತು. ಯಂತ್ರ ಕೊಡಿ ಎಂದು ನಾಯಿ ಹಂಚುವ ಕಚೇರಿಯ ಮುಂದೆ ಹನ್ನೊಂದು ದಿನ ಕೂತೆ. ನಾಯಿ ಆಗದಿದ್ದರೆ ಮನೆ ಖಾಲಿ ಮಾಡಿ ಎಂದು ಬರೆದುಕೊಟ್ಟರು. ಇನ್ನೇನು ಮಾಡುವುದು? ವಾರಕ್ಕೆರಡು ಸಲ ಬೂದನಿಗೆ ಸೀಗೆನೀರಿನ ಸ್ನಾನ, ಅವನಿಗೂ ಮಗಳ ಚಾಪೆಗೂ ನಡುವೆ ಒದ್ದೆ ಸೀರೆಯ ತೆರೆ. ಅವಳು ತೆರೆಯ ಕೆಳಗೆ ಕೈ ತೂರಿಸುತ್ತಿದ್ದಳು, ಅವನು ನೆಕ್ಕುತ್ತಿದ್ದ. ಕೈತುಂಬ ದದ್ದು. ಬೈದರೆ, "ಕೆರ್ಕೊಂಡ್ರೆ ಹೋಯ್ತದೆ ಬುಡವ್ವ, ಅವ್ನು ಒಬ್ನೇ ಅವ್ನೆ" ಅನ್ನುತ್ತಿದ್ದಳು.

ಎದೆಯ ಸಿಳ್ಳೆ ಜೋರಾದಾಗ ನಾಯಿಯನ್ನು ಆಚೆ ಹಾಕುವುದು ನಮ್ಮಲ್ಲಿ ರೂಢಿಯಾಯಿತು. ಆ ಮಧ್ಯಾಹ್ನ ಚೆಲುವಿ ಉಸಿರಿಗೆ ಒದ್ದಾಡಿದಳು. ಪಕ್ಕದ ಮನೆಯ ಪುಟ್ಟತಾಯಕ್ಕ, "ಮೊದ್ಲು ಆ ನಾಯ ಆಚ್ಗಾಕಮ್ಮಿ" ಎಂದು ಕೂಗಿದಳು. ಹಾಕಿದೆ. ಹಬೆ ಕೊಡಲು ನೀರು ಬೇಕಿತ್ತು. ನಾನೂ ಹೊರಬಂದು, ಕೂದಲು ನುಗ್ಗದಿರಲಿ ಎಂದು ಬಾಗಿಲ ಸಂದಿಗೆ ಬಟ್ಟೆ ತುರುಕಿದೆ. ಬೂದ ಬಾಗಿಲು ಕೆರೆಯತೊಡಗಿದ. ಒಳಗೆ ಬಿಡು ಅಂತ ಹಟ ಅಂದುಕೊಂಡು ಒದ್ದೆ. ನಲ್ಲಿಯಿಂದ ತಿರುಗಿ ಬರುವಷ್ಟರಲ್ಲಿ ಅವನ ಉಗುರು ಕಿತ್ತು ಬಾಗಿಲೆಲ್ಲ ರಕ್ತ. ಒಳಗೆ ಸಿಳ್ಳೆ ನಿಂತಿತ್ತು.

ಕೂದಲಿಗೂ ತಳಗಾಳಿಗೂ ಅವಳ ಎದೆ ಒಂದೇ ಥರ ಕೂಗುತ್ತಿತ್ತು. ಅವತ್ತಿನದು ತಳಗಾಳಿ ಎಂದು ಹೆತ್ತವಳಿಗೇ ಗೊತ್ತಾಗಲಿಲ್ಲ.

ಸಾವಿಗೆ ಕಾರಣ ನಾಯಿ ಎಂದು ಕಚೇರಿ ಬರೆದುಕೊಂಡಿದೆ. ಬೂದನನ್ನು ಕೊಲ್ಲಲು ನಾಳೆ ಬರುತ್ತಾರೆ. ನಾನು ಅಡ್ಡ ಕೂರುತ್ತೇನೆ. ಬಾಗಿಲ ರಕ್ತ ತೊಳೆದಿಲ್ಲ, ಅವರು ನೋಡಲಿ.

ನಿಮ್ಮ ಕನಿಕರ ನನಗೆ ಬೇಡ. ನಿಮ್ಮ ಕಾಲದಲ್ಲಿ ಈ ಗುಡ್ಡ ಇನ್ನೂ ಆಳೆತ್ತರ ಇದ್ದೀತು. ಅಲ್ಲಿಗೇ ನಿಲ್ಲಿಸಿ.