ಹೆಡ್‌ಮಾಸ್ತರಿಗೆ ಕಾಫಿ

ಅಕ್ಕ,

ಫೋನಿರುವಾಗ ಕಾಗದವೇಕೆ ಎಂದು ಹುಬ್ಬೇರಿಸಬೇಡ. ನಮ್ಮ ಮನೆಯವರಿಗೆ ಇಟ್ಟ ಅಡ್ಡಹೆಸರನ್ನು ನಾವಿಬ್ಬರೂ ಮೆಸೇಜಿನಲ್ಲಿ ಬಿಟ್ಟು ಬೇರೆಲ್ಲೂ ಬಳಸಿಲ್ಲ ತಾನೇ? ಸೋಮವಾರ ಬೆಳಿಗ್ಗೆ ಅವರು ಪೇಪರಿನಿಂದ ತಲೆಯೆತ್ತದೆ, "ಹೆಡ್‌ಮಾಸ್ತರಿಗೆ ಒಂದು ಲೋಟ ಕಾಫಿ ಸಿಗುತ್ತಾ?" ಎಂದರು. ಬಾಯಿತಪ್ಪಿ ಬಂತೋ, ಬೇಕೆಂದೇ ಅಂದರೋ ತಿಳಿಯಲಿಲ್ಲ. ಕೇಳಿಸದವಳಂತೆ ಕಾಫಿ ಕೊಟ್ಟೆ.

ಫೋನನ್ನು ರಿಪೇರಿ ಅಂಗಡಿಗೆ ಒಯ್ದೆ. ಅಂಗಡಿಯವಳು ನೋಡಿ, "ಇದು ತಾನಾಗೇ ಬರೋ ವೈರಸ್ ಅಲ್ಲಮ್ಮ, ಕದ್ದು ನೋಡೋ ಆ್ಯಪ್. ಮೆಸೇಜು, ಮಾತು, ನೀವು ಎಲ್ಲಿದ್ದೀರಿ ಅನ್ನೋದು, ಎಲ್ಲಾ ಹೋಗ್ತಿದೆ. ಫೋನು ಕೈಗೆ ಸಿಗೋರೇ ಹಾಕಿರೋದು. ತೆಗೆದುಬಿಡ್ಲಾ?" ಎಂದಳು. ತೆಗೆದರೆ, ನನಗೆ ಗೊತ್ತಾಗಿದೆ ಎಂದು ಅವರಿಗೆ ಗೊತ್ತಾಗುತ್ತದೆ. ಬೇಡ ಎಂದೆ.

ನೀನು ಎಂದಿನಂತೆ ಫೋನು ಮಾಡು. ಅವರನ್ನು ಸ್ವಲ್ಪ ಹೊಗಳು. ಅತಿಯಾಗಿ ಬೇಡ, ನಿನ್ನ ಬಾಯಲ್ಲಿ ಹೊಗಳಿಕೆ ಕೇಳಿದರೆ ಅನುಮಾನ ಬರುತ್ತದೆ. ನಾನು "ಚೆನ್ನಾಗಿದ್ದೀನಿ" ಎಂದರೆ ಅದು ನಿನಗೆ ಹೇಳಿದ್ದಲ್ಲ.

ನಿನ್ನ ಹಿಂದಿನ ಕೋಣೆಯಲ್ಲಿ ಒಂದು ಹಾಸಿಗೆಯಷ್ಟು ಜಾಗ ಮಾಡಿಡು. ಶುಕ್ರವಾರ, ಅವರು ಕೆಲಸಕ್ಕೆ ಹೋದ ಮೇಲೆ ಹೊರಡುತ್ತೇನೆ. ಫೋನು ಇಲ್ಲೇ ಅಡುಗೆಮನೆಯ ಕಿಟಕಿಯಲ್ಲಿ ಚಾರ್ಜಿಗಿರುತ್ತದೆ. ನಾನು ಮನೆಯಲ್ಲೇ ಇದ್ದೇನೆಂದು ಅದು ಅವರಿಗೆ ಹೇಳುತ್ತಿರಲಿ.

ಇತಿ,
ನಿನ್ನ ತಂಗಿ